ಸುಳಿ ನೋಡಿ ಕತ್ತರಿ ಇಡುವ ಚಿತ್ತಮ್ಮ

ಹೊಳಲ್ಕೆರೆಯ ಬಸ್ ನಿಲ್ದಾಣದ ಎದುರಿನ ಗಲ್ಲಿಯಲ್ಲಿ ‘ಬಿಂದು ಲೇಡೀಸ್ ಬ್ಯೂಟಿ ಪಾರ್ಲರ್’ ಎಂದು ಒಂದು ಬೋರ್ಡು ಇದೆ. ಒಳಗೆ ಹೋದರೆ ಬಿಂದು ಇರುವುದಿಲ್ಲ, ಚಿತ್ತಮ್ಮ ಇರುತ್ತಾಳೆ. ಬಿಂದು ಎನ್ನುವವಳು ಗಂಡನಿಗೆ ವರ್ಗವಾಯಿತೆಂದು ಹನ್ನೊಂದು ವರ್ಷದ ಹಿಂದೆಯೇ ಶಿವಮೊಗ್ಗಕ್ಕೆ ಹೋದಳು. ಹೋಗುವಾಗ ಕುರ್ಚಿ, ಕನ್ನಡಿ, ಬೋರ್ಡು ಎಲ್ಲವನ್ನೂ ತನ್ನಲ್ಲಿ ಕಸ ಗುಡಿಸಲು ಬಂದು ಕೆಲಸ ಕಲಿತಿದ್ದ ಚಿತ್ತಮ್ಮನಿಗೇ ಬಿಟ್ಟುಹೋದಳು. ಬೋರ್ಡಿನ ಮೇಲೆ ನಿನ್ನ ಹೆಸರು ಬರೆಸು ಎಂದು ಗಂಡ ಮಂಜಣ್ಣ ಎಷ್ಟೋ ಸಲ ಹೇಳಿದ. “ತಲೆ ಕತ್ರಿಸೋಳು ನಾನು, ಬೋರ್ಡಲ್ಲ. ಅದರ ಪಾಡಿಗೆ ಅದು ಇರ್ಲಿ ಬಿಡು” ಎಂದುಬಿಟ್ಟಳು ಮಹಾರಾಯ್ತಿ. ಹೀಗಾಗಿ ಹೊಸಬರು ಇವತ್ತಿಗೂ ಅವಳನ್ನು ಬಿಂದಮ್ಮ ಎಂದು ಕರೆಯುತ್ತಾರೆ, ಅವಳೂ ಓಗೊಡುತ್ತಾಳೆ.

ಹುಬ್ಬು ತೀಡಿಸುವುದಕ್ಕೆ, ಮುಖಕ್ಕೆ ಅದೂ ಇದೂ ಹಚ್ಚಿಸಿಕೊಳ್ಳುವುದಕ್ಕೆ ಊರಲ್ಲಿ ಇನ್ನೂ ನಾಲ್ಕು ಪಾರ್ಲರುಗಳಿವೆ. ಚಿತ್ತಮ್ಮನ ಹತ್ತಿರ ಚಿತ್ರದುರ್ಗದಿಂದ, ಹಿರಿಯೂರಿನಿಂದ ಬಸ್ಸು ಹತ್ತಿ ಬರುವವರದು ಬೇರೆಯದೇ ಗೋಳು. ಅವರದು ಗಿಡ್ಡ ಕೂದಲು, ಅದೂ ಬಾಚಣಿಗೆಯ ಹಲ್ಲು ಮುರಿಯುವಷ್ಟು ದಟ್ಟ ಕೂದಲು. ಇಂಥ ಕೂದಲು ಮೊಂಡು ಜಾತಿಯದು. ಉದ್ದಕ್ಕೆ ಬಿಟ್ಟರೆ ತನ್ನ ಭಾರಕ್ಕೆ ತಾನೇ ಇಳಿದು ತೆಪ್ಪಗೆ ಮಲಗಿರುತ್ತದೆ. ಭುಜದಿಂದ ಮೇಲಕ್ಕೆ ಬಂತೋ, ಮುಗಿಯಿತು ಕಥೆ. ಕಿವಿಯ ಮೇಲೆ ಉಬ್ಬುತ್ತದೆ, ನೆತ್ತಿಯಲ್ಲಿ ಎದ್ದು ನಿಲ್ಲುತ್ತದೆ, ಕತ್ತಿನ ಹಿಂದೆ ಅಣಬೆಯ ಹಾಗೆ ಕೊಡೆ ಬಿಚ್ಚುತ್ತದೆ. ಹೆಲ್ಮೆಟ್ಟು ಹಾಕಿ ತಲೆನೋವು ಬಂದು ಕತ್ತರಿಸಿದ ಟೀಚರುಗಳು, ದೇವರಿಗೆ ಮುಡಿ ಕೊಟ್ಟು ಎಂಟು ತಿಂಗಳಾದ ಹುಡುಗಿಯರು, ಕಾಯಿಲೆಯಿಂದ ಎದ್ದವರು, ಪೊಲೀಸು ಕೆಲಸಕ್ಕೆ ಸೇರಿದವರು, ಎಲ್ಲರೂ ಕನ್ನಡಿ ನೋಡಿ ಅತ್ತು ಸಾಕಾದ ಮೇಲೆ ಇಲ್ಲಿಗೆ ಬರುತ್ತಾರೆ.

ಬಂದವರನ್ನು ಚಿತ್ತಮ್ಮ ಕೂಡಲೇ ಕುರ್ಚಿಗೆ ಕರೆಯುವುದಿಲ್ಲ. “ಕುಂತ್ಕಳ್ರಿ, ನೀರು ಕುಡೀರಿ” ಎನ್ನುತ್ತಾಳೆ. ಅವರು ಆಚೆ ಈಚೆ ನೋಡುವಾಗ, ಕತ್ತು ತಿರುಗಿಸುವಾಗ ಕೂದಲು ಎತ್ತ ಹೋಗುತ್ತದೆ ಎಂದು ನೋಡುತ್ತಿರುತ್ತಾಳೆ. ಆಮೇಲೆ ಕೂರಿಸಿ ಹತ್ತೂ ಬೆರಳನ್ನು ಕೂದಲೊಳಗೆ ಇಳಿಸಿ, ಬುಡದಿಂದ ತುದಿಯವರೆಗೆ ತಡವಿ ತಡವಿ ನೋಡುತ್ತಾಳೆ. ಬಾಚಣಿಗೆ ಆಮೇಲೆ, ಕತ್ತರಿ ಅದಕ್ಕೂ ಆಮೇಲೆ. ಒದ್ದೆ ಕೂದಲನ್ನಂತೂ ಅವಳು ಮುಟ್ಟುವುದೇ ಇಲ್ಲ.

ಇದನ್ನು ಅವಳು ಯಾವ ಶಾಲೆಯಲ್ಲೂ ಕಲಿಯಲಿಲ್ಲ. ಅವಳು ಹುಟ್ಟಿದ್ದು ಜವನಗೊಂಡನಹಳ್ಳಿ ಕಡೆಯ ಒಂದು ಹಟ್ಟಿಯಲ್ಲಿ, ಕುರಿ ಸಾಕುವವರ ಮನೆಯಲ್ಲಿ. ಅಪ್ಪ ಯತ್ತಪ್ಪ ಉಣ್ಣೆ ಕತ್ತರಿಸುವುದರಲ್ಲಿ ಎತ್ತಿದ ಕೈ. ಅವನು ಕತ್ತರಿಸಿದ ಕುರಿಯ ಮೈಮೇಲೆ ಒಂದು ಗೀರು ಕಾಣುತ್ತಿರಲಿಲ್ಲ. ಹೆಣ್ಣುಮಕ್ಕಳು ಕುರಿಯ ಕಾಲು ಹಿಡಿಯಬಹುದಿತ್ತು, ಕತ್ತರಿ ಹಿಡಿಯುವುದು ಮಾತ್ರ ಹಟ್ಟಿಯಲ್ಲಿ ಗಂಡಸರ ಕೆಲಸ. ಒಂದು ವರ್ಷ ಯತ್ತಪ್ಪನ ಮಣಿಕಟ್ಟು ಉಳುಕಿತು, ಕುರಿಗಳೆಲ್ಲ ಮೈ ತೊಳೆಸಿಕೊಂಡು ಒಣಗಿ ನಿಂತಿದ್ದವು. ಹದಿನಾಲ್ಕರ ಚಿತ್ತಮ್ಮ ಯಾರನ್ನೂ ಕೇಳದೆ ಕತ್ತರಿ ಎತ್ತಿಕೊಂಡಳು. ಅಪ್ಪ ಬೈಯಲಿಲ್ಲ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

“ಮೊದ್ಲು ಕೈ ಇಡು ಮಗಾ. ಉಣ್ಣೆ ಎತ್ತ ಹೊರಳ್ತೈತೆ ನೋಡು. ತೊಡೆ ಹತ್ರ, ಹೆಗಲ ಹತ್ರ ಸುತ್ತಿಕೊಂಡಿರ್ತೈತೆ. ಅದರ ಎದುರಿಗೆ ಹೋದ್ರೆ ಕತ್ರಿ ಚರ್ಮ ಕಚ್ತೈತೆ. ಅದು ಹೋದ ಕಡೀಗೆ ನೀನೂ ಹೋಗು” ಎಂದ.

ಅವತ್ತು ಅವಳು ಒಂಬತ್ತು ಕುರಿ ಕತ್ತರಿಸಿದಳು. ಒಂದಕ್ಕೂ ರಕ್ತ ಬರಲಿಲ್ಲ. ಹಟ್ಟಿಯ ಗಂಡಸರು ಬಂದು ನೋಡಿ, ಹ್ಞೂಂ ಎಂದೂ ಅನ್ನದೆ, ಬೀಡಿ ಹಚ್ಚಿಕೊಂಡು ಹೋದರು. ಮುಂದಿನ ಸಲ ಅವರೇ ಎರಡು ಹಟಮಾರಿ ಕುರಿಗಳನ್ನು ತಂದು ಅವಳ ಮುಂದೆ ಕೆಡವಿದರಂತೆ.

ಮದುವೆಯಾಗಿ ಹೊಳಲ್ಕೆರೆಗೆ ಬಂದಳು. ಮಂಜಣ್ಣನದು ಲಗೇಜ್ ಆಟೋ. ಮನೆಯಲ್ಲಿ ಕೂತು ಬೇಜಾರಾಗಿ ಬಿಂದುವಿನ ಪಾರ್ಲರಿನಲ್ಲಿ ಗುಡಿಸಲು ಸೇರಿಕೊಂಡಳು. ಒಂದು ದಿನ ಆಸ್ಪತ್ರೆಯ ನರ್ಸಮ್ಮ ಒಬ್ಬಳು ಬಂದು ದಟ್ಟ ಕೂದಲನ್ನು ಕಿವಿಯ ಮಟ್ಟಕ್ಕೆ ಕತ್ತರಿಸಿಕೊಂಡು ಹೋದಳು. ಬಿಂದು ನೀರು ಚಿಮುಕಿಸಿ, ನೀಟಾಗಿ ಬಾಚಿ ಕತ್ತರಿಸಿದ್ದಳು; ಹೋಗುವಾಗ ಚೆನ್ನಾಗಿಯೇ ಇತ್ತು. ಮಾರನೆಯ ದಿನ ನರ್ಸಮ್ಮ ಉರಿಯುತ್ತಾ ಬಂದಳು, ತಲೆ ಎರಡರಷ್ಟು ದಪ್ಪವಾಗಿತ್ತು. ಬಿಂದು ಮತ್ತೆ ನೀರಿನ ಬಾಟಲಿ ತೆಗೆದುಕೊಂಡಳು. ಮೂಲೆಯಲ್ಲಿ ಪೊರಕೆ ಹಿಡಿದಿದ್ದ ಚಿತ್ತಮ್ಮನಿಗೆ ತಡೆಯಲಾಗಲಿಲ್ಲ.

“ಅಕ್ಕಾ, ಒಣಗಿದ ಮ್ಯಾಲೆ ಕತ್ರಿಸ್ರಿ. ಒದ್ದೆ ಕುರೀನ ಯಾರೂ ಕತ್ರಿಸಲ್ಲ” ಎಂದುಬಿಟ್ಟಳು.

ನರ್ಸಮ್ಮನ ಮುಖ ನೋಡಬೇಕಿತ್ತು! “ನಾನು ಕುರೀನಾ?” ಎಂದು ಎದ್ದು ನಿಂತಳು. ಬಿಂದು ಒಳ್ಳೆಯವಳು, ನಗು ತಡೆದುಕೊಂಡು, “ಇವಳ ಕೈಗೆ ಒಂದ್ಸಲ ಕೊಟ್ಟು ನೋಡಿ ಮೇಡಂ, ಇದಕ್ಕಿಂತ ಕೆಡಾಕೆ ಇನ್ನೇನೈತೆ” ಎಂದಳು. ಚಿತ್ತಮ್ಮ ಪೊರಕೆ ಬಿಟ್ಟು ಕೈ ತೊಳೆದು ಬಂದಳು. ಬಿಂದು ಭಾರ ಇಳಿಸಲೆಂದು, ನಡುನಡುವೆ ಎಳೆ ಕಡಿದು ಕೂದಲನ್ನು ತೆಳುಮಾಡುವ ಹಲ್ಲುಕತ್ತರಿಯನ್ನು ಬುಡದಲ್ಲೇ ಆಡಿಸಿದ್ದಳು. ಅಲ್ಲಿ ಉಳಿದ ತುಂಡು ಕೂದಲು ಮೇಲಿನ ಕೂದಲನ್ನು ಊರುಗೋಲು ಕೊಟ್ಟಂತೆ ಎತ್ತಿ ನಿಲ್ಲಿಸಿತ್ತು. ಚಿತ್ತಮ್ಮ ಬುಡಕ್ಕೆ ಹೋಗಲೇ ಇಲ್ಲ. ಮೇಲಿನ ಪದರವನ್ನು ಎತ್ತಿ ಕಟ್ಟಿ, ಒಳಗಿನದನ್ನು ನಡುಮಟ್ಟದಿಂದ ಕೆಳಕ್ಕೆ ಮಾತ್ರ ಹಗುರ ಮಾಡಿ, ಮೇಲಿನದನ್ನು ಅದರ ಮೇಲೆ ಹೊದಿಸಿದಳು. ಕತ್ತಿನ ಹತ್ತಿರ ಒಂದು ಬೆರಳು ಉದ್ದ ಬಿಟ್ಟಳು. ನಾಲ್ಕು ಹನಿ ಕೊಬ್ಬರಿ ಎಣ್ಣೆಯನ್ನು ಅಂಗೈಯಲ್ಲಿ ಉಜ್ಜಿ ತುದಿಗಳಿಗೆ ಮಾತ್ರ ಸವರಿದಳು. “ಸ್ನಾನ ಆದ್ಮೇಲೆ ಟವೆಲ್‌ನಾಗೆ ತಿಕ್ಕಬ್ಯಾಡ್ರಿ, ಒತ್ತಿ ಒತ್ತಿ ನೀರು ತೆಗೀರಿ. ಹಸಿ ಐತೆ ಅನ್ನಾಗ್ಲೇ ಬೆರಳಾಗೆ ಎತ್ತ ಬೇಕೋ ಅತ್ತ ಮಲಗಿಸ್ರಿ, ಆಮೇಲೆ ಒಣಗಾವರ್ಗೂ ಅದರ ತಂಟೆಗೆ ಹೋಗಬ್ಯಾಡ್ರಿ” ಎಂದು ಹೇಳಿ ಕಳಿಸಿದಳು. ನರ್ಸಮ್ಮ ಒಂದು ವಾರ ಬಿಟ್ಟು ಬಂದಳು, ಜೊತೆಗೆ ಇನ್ನಿಬ್ಬರು ನರ್ಸಮ್ಮಂದಿರನ್ನು ಕರೆದುಕೊಂಡು.

ಅವಳ ಕೈಚಳಕಕ್ಕಿಂತ ದೊಡ್ಡದು ಇನ್ನೊಂದಿದೆ, ಅದು ಅವಳ ಬಾಯಿ. ಆ ಬಾಯಿ ಮುಚ್ಚಿರುವುದರಿಂದ ಎಷ್ಟು ಮನೆಗಳು ತಣ್ಣಗಿವೆಯೋ ದೇವರೇ ಬಲ್ಲ. ನೆತ್ತಿಯ ಮೇಲೆ ಕೂದಲು ಸುತ್ತಿಕೊಂಡು ಹುಟ್ಟುವ ಜಾಗಕ್ಕೆ ಸುಳಿ ಎನ್ನುತ್ತೇವಲ್ಲ, ಎಲ್ಲರಿಗೂ ಅದು ಒಂದಿರುತ್ತದೆ, ಕೆಲವರಿಗೆ ಎರಡು. ಈ ಜೋಡಿ ಸುಳಿಯ ವಿಷಯದಲ್ಲಿ ನಮ್ಮ ಜನಕ್ಕಿರುವ ಭಯ ಹೇಳತೀರದು. ಎರಡು ಸುಳಿ ಇದ್ದರೆ ಎರಡು ಮದುವೆ ಅನ್ನುತ್ತಾರೆ. ಗಂಡಿಗಿದ್ದರೆ ನಕ್ಕು, ಭಾಗ್ಯವಂತ ಕಣಯ್ಯಾ ಎಂದು ಬೆನ್ನು ತಟ್ಟುತ್ತಾರೆ. ಹೆಣ್ಣಿಗಿದ್ದರೆ ಮಾತ್ರ, ಎರಡನೆಯ ಮದುವೆ ಆಗಬೇಕಾದರೆ ಮೊದಲನೆಯ ಗಂಡನಿಗೆ ಏನಾಗಬೇಕು ಎಂದು ಕೂತು ಯೋಚಿಸುತ್ತಾರೆ. ಎಂಥ ನ್ಯಾಯ ನೋಡಿ!

ಉದ್ದ ಕೂದಲಿದ್ದಾಗ ಸುಳಿ ಜಡೆಯ ಕೆಳಗೆ ಸೇರಿಹೋಗುತ್ತದೆ, ಯಾರಿಗೂ ಕಾಣುವುದಿಲ್ಲ. ಗಿಡ್ಡ ಕೂದಲಿನಲ್ಲಿ ಅದು ಊರಿಗೆಲ್ಲ ಕಾಣುತ್ತದೆ. ಎರಡು ಸುಳಿಗಳು ಒಂದನ್ನೊಂದು ನೂಕಾಡಿ ನಡುವಿನ ಕೂದಲನ್ನು ಎದ್ದು ನಿಲ್ಲಿಸುತ್ತವೆ. ಚಿತ್ತಮ್ಮನ ಬೆರಳಿಗೆ ಅದು ಮುಟ್ಟಿದ ಕೂಡಲೇ ಗೊತ್ತಾಗುತ್ತದೆ. ಅವಳು ಏನೂ ಅನ್ನುವುದಿಲ್ಲ. ನೆತ್ತಿಯಲ್ಲಿ ಎರಡು ಬೆರಳು ಉದ್ದ ಹೆಚ್ಚು ಬಿಟ್ಟು, ಒಂದು ಸುಳಿಯ ಕೂದಲನ್ನು ಇನ್ನೊಂದರ ಮೇಲೆ ಹೊರಳಿಸಿ ಕತ್ತರಿಸುತ್ತಾಳೆ. ಅಲ್ಲಿಗೆ ಮುಗಿಯಿತು. ಒಂದು ಸಲ ಮಾತ್ರ ಮಂಜಣ್ಣನ ಹತ್ತಿರ, ಅದೂ ಹೆಸರು ಹೇಳದೆ, “ಇಪ್ಪತ್ತಕ್ಕೂ ಮ್ಯಾಲೆ ಜೋಡಿ ಸುಳಿ ನೋಡಿದೀನಿ ನಾನು. ಒಬ್ಬರ ಗಂಡನೂ ಸತ್ತಿಲ್ಲ, ಎಲ್ಲ ಗುಂಡುಕಲ್ಲಿನಂಗೆ ಅವರೆ” ಎಂದಿದ್ದಳು. “ಯಾರವು ಹೇಳೇ?” ಎಂದು ಮಂಜಣ್ಣ ಕೇಳಿದ. “ಊಟ ಮಾಡು” ಎಂದಳು.

ಈಗ ಪಲ್ಲವಿಯ ವಿಷಯಕ್ಕೆ ಬರೋಣ. ಪಲ್ಲವಿ ಚಿಕ್ಕಜಾಜೂರಿನ ಹುಡುಗಿ. ಹೊಳಲ್ಕೆರೆಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸ, ದಿನಾ ಸ್ಕೂಟಿಯಲ್ಲಿ ಓಡಾಟ. ಮೊಣಕಾಲು ಮುಟ್ಟುವ ಜಡೆಯನ್ನು ಹೆಲ್ಮೆಟ್ಟಿನೊಳಗೆ ತುಂಬಿಕೊಂಡು ಓಡಾಡಿ ತಲೆನೋವು ತಡೆಯಲಾರದೆ ಎರಡು ವರ್ಷದ ಹಿಂದೆ ಚಿತ್ತಮ್ಮನ ಕೈಯಲ್ಲಿ ಕತ್ತರಿಸಿಕೊಂಡಳು. ಅವಳ ತಾಯಿ ಭಾಗ್ಯ ಒಂದು ತಿಂಗಳು ಚಿತ್ತಮ್ಮನ ಹೆಸರೆತ್ತಿದರೆ ಮುಖ ತಿರುಗಿಸುತ್ತಿದ್ದಳು. ಪಲ್ಲವಿ ಮಾತ್ರ ಆರು ವಾರಕ್ಕೊಮ್ಮೆ ಬಂದು ಕುರ್ಚಿಯಲ್ಲಿ ಕೂತು, ಲ್ಯಾಬಿಗೆ ಬಂದವರ ಕಥೆಯನ್ನೆಲ್ಲ ಹೇಳಿ ನಗಿಸಿ ಹೋಗುತ್ತಿದ್ದಳು. ಚಿತ್ತಮ್ಮನಿಗೆ ಗಂಡುಮಕ್ಕಳಿಬ್ಬರೇ. ಈ ಹುಡುಗಿ ಬರುವ ದಿನ ಅವಳು ಎರಡು ಲೋಟ ಟೀ ತರಿಸುತ್ತಿದ್ದಳು.

ಆ ಲ್ಯಾಬಿಗೇ ಒಂದು ದಿನ ಪ್ರಸನ್ನಕುಮಾರ್ ಎಂಬ ಹುಡುಗ ರಕ್ತ ಕೊಡಲು ಬಂದ. ಹೊಸದುರ್ಗದವನು, ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಟಿಕೆಟ್ ಕೊಡುವ ಕೆಲಸ. ಸೂಜಿ ಕಂಡರೆ ಕಣ್ಣು ಕತ್ತಲೆ ಬರುವ ಪೈಕಿ. ಪಲ್ಲವಿ ಮಾತಾಡುತ್ತಲೇ ಚುಚ್ಚಿ ತೆಗೆದಿದ್ದು ಅವನಿಗೆ ಗೊತ್ತೇ ಆಗಲಿಲ್ಲವಂತೆ. ಆಮೇಲೆ ಏನೂ ಕಾಯಿಲೆ ಇಲ್ಲದಿದ್ದರೂ ಎರಡು ಸಲ ಪರೀಕ್ಷೆ ಮಾಡಿಸಿದ, ಮೂರನೆಯ ಸಲ ಮನೆಯಲ್ಲಿ ಬಾಯಿ ಬಿಟ್ಟ. ಎರಡೂ ಮನೆಯವರು ಒಂದೇ ಮಠಕ್ಕೆ ನಡೆದುಕೊಳ್ಳುವವರು. ಹುಡುಗನ ತಂದೆ ಪರಮೇಶ್ವರಪ್ಪನವರಿಗೆ ಹೊಸದುರ್ಗದಲ್ಲಿ ಬಟ್ಟೆ ಅಂಗಡಿ. ಎಲ್ಲಾ ಕೂಡಿಬಂದಿತ್ತು. ಹುಡುಗಿ ನೋಡುವ ಶಾಸ್ತ್ರವೊಂದು ಆಗಬೇಕಿತ್ತು.

ಅದರ ಹಿಂದಿನ ದಿನ ಭಾಗ್ಯ ತಾನಾಗಿ ಪಾರ್ಲರಿಗೆ ಬಂದಳು. ಬಾಗಿಲು ಹಾಕಿ, ಧ್ವನಿ ತಗ್ಗಿಸಿ, “ಚಿತ್ತಮ್ಮಾ, ನಿಂಗೆ ಗೊತ್ತೇ ಇರ್ತೈತೆ. ಅವಳ ನೆತ್ತಿ ಮ್ಯಾಲೆ...” ಎಂದು ನಿಲ್ಲಿಸಿದಳು.

“ಗೊತ್ತೈತೆ ಬಿಡ್ರಿ” ಎಂದಳು ಚಿತ್ತಮ್ಮ.

“ಹುಡುಗನ ತಾಯಿ ಬಸಮ್ಮ ಅಂತ, ಭಾಳ ಶಾಸ್ತ್ರ ಸಂಪ್ರದಾಯದೋರು. ಕಣ್ಣಿಗೆ ಬಿದ್ರೆ ಆ ಕ್ಷಣಾನೇ ಎದ್ದು ಹೋಗ್ತಾರೆ. ನನ್ನ ಮಗಳು ಆ ಹುಡುಗನ್ನ ಮನಸಿಗೆ ಹಚ್ಕಂಡೈತೆ. ಹೆಂಗಾರ ಮಾಡು.”

ಚಿತ್ತಮ್ಮ ಮರುದಿನ ಬೆಳಗ್ಗೆ ಗಂಡನ ಆಟೋದಲ್ಲಿ ಚಿಕ್ಕಜಾಜೂರಿಗೆ ಹೋದಳು. ಪಲ್ಲವಿಯ ನೆತ್ತಿಯ ಮೇಲೆ ಮುಕ್ಕಾಲು ಗಂಟೆ ಕೈ ಆಡಿಸಿದಳು. ನಿಲ್ಲಿಸಿ ನೋಡಿದಳು, ಕೂರಿಸಿ ನೋಡಿದಳು, ಫ್ಯಾನಿನ ಕೆಳಗೆ ಕರೆದುಕೊಂಡು ಹೋಗಿ ಐದರ ವೇಗಕ್ಕೆ ತಿರುಗಿಸಿ ನೋಡಿದಳು. ಒಂದು ಎಳೆ ಅಲ್ಲಾಡಲಿಲ್ಲ. ಪಲ್ಲವಿ ಅಷ್ಟು ಚೆಂದ ಕಾಣುತ್ತಿದ್ದಳು, ಉದ್ದ ಜಡೆಯವರನ್ನು ಸಾಲಾಗಿ ನಿಲ್ಲಿಸಿದರೂ ಕಣ್ಣು ಇವಳ ಮೇಲೇ ನಿಲ್ಲುತ್ತಿತ್ತು. ಹುಡುಗನ ಕಡೆಯವರು ಬಂದರು, ಉಪ್ಪಿಟ್ಟು ಆಯಿತು, ಕಾಫಿ ಆಯಿತು. ಬಸಮ್ಮನ ಮುಖದಲ್ಲಿ ನಗು ಇತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತ ಚಿತ್ತಮ್ಮ ನಿರಾಳವಾಗಿ ಉಸಿರು ಬಿಟ್ಟಳು.

“ಹಿರಿಯೋರಿಗೆ ನಮಸ್ಕಾರ ಮಾಡಮ್ಮ” ಎಂದರು ಯಾರೋ.

ಪಲ್ಲವಿ ಬಸಮ್ಮನ ಕಾಲಿಗೆ ಬಗ್ಗಿದಳು. ನೆತ್ತಿಯ ಕೂದಲು ಅಷ್ಟೂ ಮುಂದಕ್ಕೆ ಜಾರಿತು. ಅಯ್ಯೋ ನನ್ನ ಹಣೆಬರಹವೇ ಎಂದುಕೊಂಡಳು ಚಿತ್ತಮ್ಮ. ನಿಂತದ್ದಕ್ಕೆ, ಕೂತದ್ದಕ್ಕೆ, ಗಾಳಿಗೆ, ಎಲ್ಲದಕ್ಕೂ ಲೆಕ್ಕ ಹಾಕಿದ್ದವಳು, ನಮ್ಮ ಕಡೆ ಹೆಣ್ಣುಮಗಳು ಕಂಡ ಹಿರಿಯರಿಗೆಲ್ಲ ಬಗ್ಗುತ್ತಾಳೆ ಎನ್ನುವುದನ್ನೇ ಮರೆತಿದ್ದಳು! ಹರಸಲು ಮುಂದೆ ಬಂದ ಬಸಮ್ಮನ ಕೈ ಅರ್ಧದಲ್ಲಿ ನಿಂತಿತು. ಕನ್ನಡಕ ಇರಲಿಲ್ಲ, ಕಣ್ಣು ಕಿರಿದು ಮಾಡಿ ನೋಡಿದರು. ಅಷ್ಟರಲ್ಲಿ ಪಲ್ಲವಿ ಎದ್ದಳು. ಬಸಮ್ಮ ಹರಸಿದರು, ನಗು ಮಾತ್ರ ಹೋಗಿತ್ತು. ಹೊರಡುವಾಗ, “ಒಂದು ವಾರ ಬಿಟ್ಟು ತಿಳಿಸ್ತೀವಿ” ಎಂದರು.

ಭಾಗ್ಯ ಚಿತ್ತಮ್ಮನನ್ನು ಬಾಯಿಗೆ ಬಂದಂತೆ ಅಂದಳು. ಕೂದಲು ಕತ್ತರಿಸಿದ್ದೂ ನೀನೇ, ಈಗ ಮನೆ ಕೆಡಿಸಿದ್ದೂ ನೀನೇ ಎಂದಳು. ಚಿತ್ತಮ್ಮ ಬಾಚಣಿಗೆ, ಕತ್ತರಿಗಳನ್ನು ಚೀಲಕ್ಕೆ ತುಂಬಿಕೊಂಡಳು. ಪಲ್ಲವಿ ಒಳಗಿನಿಂದ ಬಂದು, “ಅಮ್ಮಾ, ಸುಳಿ ಅವರು ಇಟ್ಟಿದ್ದಲ್ಲ” ಎಂದಾಗ ಮಾತ್ರ ಚಿತ್ತಮ್ಮನ ಕಣ್ಣಲ್ಲಿ ನೀರು ಬಂತು.

ಆದರೆ ಸುಮ್ಮನೆ ಕೂರುವ ಹೆಂಗಸಲ್ಲ ಅವಳು. ಎರಡನೆಯ ದಿನವೇ ಪಲ್ಲವಿಯನ್ನು ಪಾರ್ಲರಿಗೆ ಕರೆಸಿದಳು. ಮದುವೆ ಆಗಲಿ ಬಿಡಲಿ, ತನ್ನ ಕೈಯ ತಪ್ಪು ತಿದ್ದಲೇಬೇಕಿತ್ತು. ನೆತ್ತಿಯಲ್ಲಿ ಕತ್ತರಿ ಆಡಿಸಿ, ಕೂದಲಿನ ಹೊರಳು ಬದಲಾಯಿಸಿ, ಎಡ ಸುಳಿಯ ಕೂದಲನ್ನು ಬಲಕ್ಕೆ ಹೊದಿಸಿ, ಕೆಳಗಿನಿಂದ ಒಂದು ಸಣ್ಣ ಕ್ಲಿಪ್ಪು ಸಿಕ್ಕಿಸಿ, “ಎಲ್ಲಿ, ಬಗ್ಗು” ಎಂದಳು. ಪಲ್ಲವಿ ಅವಳ ಕಾಲಿಗೆ ಬಗ್ಗಿದಳು. “ಜಾರ್ತೈತೆ. ಏಳು.” ಮತ್ತೆ ಬಿಚ್ಚಿ, ಮತ್ತೆ ಹೊದಿಸಿ, “ಬಗ್ಗು. ಪೂರ್ತಿ ಬಗ್ಗು, ಹಣೆ ಕಾಲಿಗೆ ಮುಟ್ಲಿ.” ಹೀಗೆ ಇಪ್ಪತ್ತು ಸಲವಾದರೂ ಆಗಿರಬೇಕು.

“ಅಕ್ಕಾ, ಸೊಂಟ ಬಿದ್ದೋಯ್ತು. ಈ ಜನ್ಮಕ್ಕಾಗೋ ಅಷ್ಟು ಆಶೀರ್ವಾದ ಆಯ್ತು ಬಿಡ್ರಿ” ಎಂದಳು ಪಲ್ಲವಿ ನೆಲದ ಮೇಲೆ ಕೂತುಕೊಂಡು. ಇಬ್ಬರೂ ನಕ್ಕರು. ನಗುತ್ತಾ ನಗುತ್ತಲೇ ಹುಡುಗಿ ಅಳಲು ಶುರುಮಾಡಿತು. “ಅವರಮ್ಮ ಒಪ್ಪದಿದ್ರೂ ಆಗ್ತೀನಿ ಅಂತಾನೆ ಅಕ್ಕಾ. ನಂಗೆ ಹಂಗೆ ಬ್ಯಾಡ. ಆ ಮನೇಲಿ ಒಂದು ತಲೆನೋವು, ಒಂದು ಜ್ವರ ಬಂದ್ರೂ ಎಲ್ರೂ ನನ್ನ ನೆತ್ತಿ ಕಡೆ ನೋಡ್ತಾರೆ. ಹಂಗೆ ಬಾಳಕ್ಕಾಗಲ್ಲ ನನ್ ಕೈಲಿ.” ಚಿತ್ತಮ್ಮ ಅವಳ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ನಿಂತಳು. ಕೂದಲು ಸರಿಪಡಿಸಬಹುದು, ಇದಕ್ಕೇನು ಮಾಡುವುದು ಎಂದು ಅವಳಿಗೆ ತಿಳಿಯಲಿಲ್ಲ.

ಬುಧವಾರ ಹನ್ನೊಂದು ಗಂಟೆಯ ಹೊತ್ತಿಗೆ ಹೊಸದುರ್ಗದ ಬಸ್ಸಿನಿಂದ ಇಳಿದ ಬಸಮ್ಮ ಸೀದಾ ಪಾರ್ಲರಿನ ಬಾಗಿಲಿಗೆ ಬಂದು ನಿಂತರು. ಹಿಂದೆ ಪರಮೇಶ್ವರಪ್ಪನವರು, ಕೈಯಲ್ಲಿ ಮಂಡಕ್ಕಿ ಪೊಟ್ಟಣ.

“ನೀನೇ ಅಲ್ವೇನಮ್ಮ ಅವತ್ತು ಅಡುಗೆಮನೆ ಬಾಗಿಲಾಗೆ ನಿಂತಿದ್ದೋಳು?” ಎಂದರು ಬಸಮ್ಮ.

“ಹೌದ್ರಿ. ಬರ್ರಿ ಒಳಗೆ, ಕುಂತ್ಕಳ್ರಿ.”

ಪರಮೇಶ್ವರಪ್ಪನವರು ಹೊರಗಿನ ಸ್ಟೂಲಿನ ಮೇಲೆ ಕೂತು ಪೊಟ್ಟಣ ಬಿಚ್ಚಿದರು. ಬಸಮ್ಮ ಒಳಗೆ ಬಂದು, ಕುರ್ಚಿಯಲ್ಲಿ ಕೂತು, ಸೆರಗು ಸರಿಸಿ ತುರುಬು ಬಿಚ್ಚಿದರು. ಐವತ್ತೆಂಟು ವರ್ಷದ ಹೆಂಗಸು, ಕೂದಲು ಅರ್ಧ ಬೆಳ್ಳಗಾಗಿದ್ದರೂ ಕುರ್ಚಿಯ ಹಿಂದೆ ಕಂಬಳಿ ಬಿಚ್ಚಿದಂತೆ ಇಳಿಯಿತು. “ತುದಿ ಸೀಳೈತೆ, ನಾಲ್ಕು ಬೆರಳು ತೆಗಿ” ಎಂದರು. ತುದಿ ಕತ್ತರಿಸಿಕೊಳ್ಳಲು ಹೊಸದುರ್ಗದಿಂದ ಇಲ್ಲಿಗೆ ಯಾರೂ ಬರುವುದಿಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು.

ಚಿತ್ತಮ್ಮ ಬಾಚಣಿಗೆ ತೆಗೆದುಕೊಳ್ಳದೆ, ಅಭ್ಯಾಸದಂತೆ ಹತ್ತೂ ಬೆರಳನ್ನು ಬುಡಕ್ಕೆ ಇಳಿಸಿದಳು.

“ನೇರ ಕೇಳ್ತೀನಿ, ನೇರ ಹೇಳು” ಎಂದರು ಬಸಮ್ಮ ಕನ್ನಡಿಯಲ್ಲಿ ಅವಳನ್ನೇ ನೋಡುತ್ತಾ. “ಆ ಹುಡುಗಿ ತಲೆ ನಿನ್ನ ಕೈಯಾಗೆ ಐತೆ ಅಂತ ನನ್ನ ಮಗ ಹೇಳ್ದ. ಸುಳಿ ಒಂದೋ ಎರಡೋ?”

ಚಿತ್ತಮ್ಮನ ಬೆರಳು ಬಸಮ್ಮನ ನೆತ್ತಿಯ ಮೇಲೆ ನಿಂತುಬಿಟ್ಟಿತ್ತು.

“ಹುಡುಗಿ ಚಿನ್ನದಂಥೋಳು. ನಾನೇನು ಇಲ್ಲ ಅನ್ನಲ್ಲ. ಆದ್ರೆ ಇರೋನು ಒಬ್ಬ ಮಗ. ಜೋಡಿ ಸುಳಿಯೋಳ್ನ ತಂದ್ಕಂಡು ನಾಳೆ ಅವನಿಗೇನಾರ ಆದ್ರೆ ಯಾರ ಹತ್ರ ಹೋಗಿ ಅಳ್ಲಿ? ನೀನೂ ಮಕ್ಳು ಹೆತ್ತೋಳು. ಹೇಳವ್ವ.”

ಬೆರಳು ಮತ್ತೊಮ್ಮೆ ನಿಧಾನವಾಗಿ ಸುತ್ತಿ ನೋಡಿತು. ಎಡಕ್ಕೊಂದು, ಮೂರು ಬೆರಳಿನಾಚೆ ಬಲಕ್ಕೊಂದು. ತಪ್ಪಲು ಸಾಧ್ಯವೇ ಇಲ್ಲ. ಇಷ್ಟು ವರ್ಷದಲ್ಲಿ ಚಿತ್ತಮ್ಮ ಒಬ್ಬರ ಸುಳಿಯನ್ನು ಇನ್ನೊಬ್ಬರಿಗೆ ಹೇಳಿದವಳಲ್ಲ. ಅವರದನ್ನು ಅವರಿಗೇ ಹೇಳುವುದು ತಪ್ಪೋ ಸರಿಯೋ? ಗೊತ್ತಿಲ್ಲದೆ ನೆಮ್ಮದಿಯಾಗಿ ಬಾಳಿದ ಹೆಂಗಸಿಗೆ ಈ ವಯಸ್ಸಿನಲ್ಲಿ ಭಯ ಹುಟ್ಟಿಸಿದ ಹಾಗಾದರೆ? ಪಲ್ಲವಿ ತನ್ನ ಹೊಟ್ಟೆಗೆ ಮುಖ ಒತ್ತಿ ಅತ್ತದ್ದು ನೆನಪಾಯಿತು. ಗೋಡೆಯ ಮೊಳೆಯಿಂದ ಕೈಗನ್ನಡಿ ತೆಗೆದಳು.

“ಅಮ್ಮಾ, ನಿಮ್ಮ ನೆತ್ತಿ ನೀವು ಯಾವತ್ತಾರ ನೋಡ್ಕಂಡೀರೇನ್ರಿ?”

“ನನ್ನ ನೆತ್ತಿ ನಂಗೆಂಗೆ ಕಾಣ್ತೈತೆ?”

“ಕನ್ನಡಕ ಹಾಕ್ಕಳ್ರಿ.”

ಚಿತ್ತಮ್ಮ ಹಿಂದೆ ನಿಂತು, ಕೂದಲನ್ನು ಎರಡು ಕಡೆಗೆ ಬಗೆದು, ಕೈಗನ್ನಡಿಯನ್ನು ನೆತ್ತಿಯ ಮೇಲೆ ಓರೆಯಾಗಿ ಹಿಡಿದಳು. ಬಸಮ್ಮ ಎದುರಿನ ದೊಡ್ಡ ಕನ್ನಡಿಯಲ್ಲಿ ಅದನ್ನು ನೋಡಿದರು. ಮೊದಲು ಅರ್ಥವಾಗಲಿಲ್ಲ. ಚಿತ್ತಮ್ಮನ ಬೆರಳು ಒಂದರ ಸುತ್ತ ಮೆಲ್ಲಗೆ ಹೋಯಿತು, ಆಮೇಲೆ ಇನ್ನೊಂದರ ಸುತ್ತ.

ಬಸಮ್ಮನ ಕಣ್ಣು ಕನ್ನಡಿಯಿಂದ ಬಾಗಿಲಿಗೆ ಹೋಯಿತು. ಬಾಗಿಲಾಚೆ ಪರಮೇಶ್ವರಪ್ಪನವರು ಮಂಡಕ್ಕಿ ಬಾಯಿಗೆ ಎಸೆದುಕೊಳ್ಳುತ್ತಾ, ಪಕ್ಕದ ಚಪ್ಪಲಿ ಅಂಗಡಿಯವನೊಂದಿಗೆ ಬಿಸಿಲಿನ ಬಗ್ಗೆ ಮಾತಾಡುತ್ತಿದ್ದರು.

“ಮದುವೆಯಾಗಿ ಎಷ್ಟು ವರ್ಷ ಆಯ್ತ್ರಿ?” ಎಂದು ಕೇಳಿದಳು ಚಿತ್ತಮ್ಮ, ಆದಷ್ಟು ಮೆತ್ತಗೆ.

“ಮೂವತ್ತಾರು” ಎಂದರು ಬಸಮ್ಮ. ಗಂಡನ ಕಡೆ ನೋಡುತ್ತಲೇ, “ಒಂದಿನ ತಲೆನೋವು ಅಂತ ಮಲಗಿದ ಮನುಷ್ಯ ಅಲ್ಲ ಅವರು” ಎಂದರು.

ಚಿತ್ತಮ್ಮ ಕನ್ನಡಿ ಕೆಳಗಿಟ್ಟಳು. ಬಸಮ್ಮನ ಕೈ ತಾನಾಗಿ ನೆತ್ತಿಗೆ ಹೋಗಿ ಅಲ್ಲೇ ಉಳಿಯಿತು. ಅವರ ಮುಖದಲ್ಲಿ ಭಯ ಬರಬಹುದೆಂದು ಚಿತ್ತಮ್ಮ ಕಾದಿದ್ದಳು. ಬಂದದ್ದು ಬೇರೆ ಏನೋ. “ಅವ್ವಂಗೆ ಗೊತ್ತಿತ್ತು” ಎಂದರು, ತಮಗೆ ತಾವೇ ಹೇಳಿಕೊಳ್ಳುವಂತೆ.

“ಏನಂದ್ರಿ?”

“ನಮ್ಮವ್ವ ಕಣಮ್ಮ. ನನ್ನ ತಲೇನ ಯಾರ ಕೈಗೂ ಕೊಡ್ತಿರ್ಲಿಲ್ಲ. ಎಣ್ಣೆ ಹಚ್ಚಾಕೆ, ಬಾಚಾಕೆ, ನೀರು ಹಾಕಾಕೆ ಎಲ್ಲಕ್ಕೂ ಅವಳೇ ಆಗ್ಬೇಕು. ಮದುವೇಲಿ ಮೊಗ್ಗಿನ ಜಡೆ ಹಾಕಾಕೆ ಇವರ ಕಡೇರು ಬಂದ್ರೆ, ನನ್ನ ಮಗಳ ತಲೆ ನಾನೇ ಹೆಣಿಯೋದು ಅಂತ ಜಗಳ ಮಾಡಿ ಅವರನ್ನ ಆಚೆ ಕಳಿಸಿದ್ಲು. ನನ್ನ ಅತ್ತೆ ಅದನ್ನ ಸಾಯೋವರ್ಗೂ ಆಡ್ಕಂಡ್ರು, ಇವಳ ಅವ್ವಂಗೆ ಎಷ್ಟು ಜಂಬ ಅಂತ. ಬಾಣಂತನಕ್ಕೂ ಅಷ್ಟೇ, ಕಾಲು ಊದ್ಕಂಡು ನಡೆಯಾಕಾಗ್ದೇ ಇದ್ರೂ ಬಂದು ತಾನೇ ನೀರು ಹಾಕಿದ್ಲು. ನಾನೂ ಬೈದೀನಿ ಅವಳಿಗೆ, ಯಾಕವ್ವ ಇಷ್ಟು ಹಟ ಅಂತ. ಒಂದಿನ ಬಾಯಿ ಬಿಡ್ಲಿಲ್ಲ ನೋಡು.” ಸೆರಗಿನ ತುದಿಯನ್ನು ಕೈಗೆ ಎಳೆದುಕೊಂಡರು. “ಹತ್ತು ವರ್ಷ ಆಯ್ತು ಹೋಗಿ. ಮಗಳಿಗೂ ಹೇಳ್ದೇ ಹೋದ್ಲು.”

ಸೆರಗಿನಿಂದ ಮುಖ ಮುಚ್ಚಿಕೊಂಡು ಬಸಮ್ಮ ಅತ್ತರು. ಬಟ್ಟೆ ಅಂಗಡಿಯ ಯಜಮಾನಿ, ಶಾಸ್ತ್ರ ಸಂಪ್ರದಾಯದ ಹೆಂಗಸು, ಆ ಹಳೆಯ ಕುರ್ಚಿಯಲ್ಲಿ ಚಿಕ್ಕ ಹುಡುಗಿಯ ಹಾಗೆ ಬಿಕ್ಕಿ ಬಿಕ್ಕಿ ಅತ್ತರು. ಚಿತ್ತಮ್ಮ ಕೊಬ್ಬರಿ ಎಣ್ಣೆಯನ್ನು ಅಂಗೈಗೆ ಸುರಿದುಕೊಂಡು, ಅವರ ನೆತ್ತಿಗೆ ಹಾಕಿ, ಎರಡೂ ಸುಳಿಯ ಮೇಲೆ ಮೆಲ್ಲಗೆ ತಟ್ಟಿ ತಟ್ಟಿ ಇಳಿಸಿದಳು. ಆಮೇಲೆ ಬಾಚಿದಳು, ತುದಿಯನ್ನು ನಾಲ್ಕು ಬೆರಳು ತೆಗೆದಳು, ತುರುಬು ಕಟ್ಟಿದಳು. ಅಳು ನಿಂತಿತು.

ಬಸಮ್ಮ ಸೆರಗು ಹೊದ್ದುಕೊಂಡು ಎದ್ದು ನಿಂತರು. “ಇದನ್ನ ಯಾರ ಮುಂದೂ ಆಡಬ್ಯಾಡವ್ವ” ಎಂದರು.

“ಯಾರ ನೆತ್ತಿ ವಿಚಾರಾನೂ ನಾನು ಯಾರ ಮುಂದೂ ಆಡಲ್ರಿ” ಎಂದಳು ಚಿತ್ತಮ್ಮ.

ಬಸಮ್ಮ ಅವಳ ಮುಖವನ್ನು ನೋಡಿದರು. ತಾವು ಕೇಳಲು ಬಂದಿದ್ದಕ್ಕೂ ಅದೇ ಉತ್ತರವೆಂದು ಅವರಿಗೆ ಗೊತ್ತಾಯಿತು. ಮತ್ತೆ ಕೇಳಲಿಲ್ಲ. ಬಾಗಿಲವರೆಗೆ ಹೋಗಿ, ಚಪ್ಪಲಿಗೆ ಕಾಲು ತೂರಿಸುತ್ತಾ, ಹೊರಗೆ ಕೂತವರಿಗೆ ಕೇಳಿಸದಂತೆ ದನಿ ತಗ್ಗಿಸಿದರು.

“ನನ್ನ ನಾದಿನೇರು ಮೂವರು ಅವರೆ, ಎಲ್ಲ ಹದ್ದಿನ ಕಣ್ಣೋರು. ಮದುವೆ ದಿನ ಹುಡುಗಿ ಕಂಡಕಂಡೋರ ಕಾಲಿಗೆ ಬೀಳ್ಬೇಕಾಗ್ತೈತೆ. ನೀನು ಬೆಳಗ್ಗೆ ಐದಕ್ಕೆಲ್ಲ ಬಂದ್ಬಿಡು. ತಲೆ ಹೆಣಿಯಾಕೆ ನಮ್ಮ ಕಡೇರು ಯಾರು ಬಂದು ಬಾಗಿಲು ತಟ್ಟಿದ್ರೂ ತೆಗೀಬ್ಯಾಡ, ನಾನೇ ಆಚೆ ಕುಂತಿರ್ತೀನಿ.” ಆಮೇಲೆ ಗಂಡನ ಕಡೆ ತಿರುಗಿ, “ಏಳ್ರಿ, ಮಂಡಕ್ಕಿ ತಿಂದಿದ್ದು ಸಾಕು. ಚಿಕ್ಕಜಾಜೂರಿಗೆ ಹೋಗಾಣ” ಎಂದರು.